ಬಂದೂಕಿನ ಬಾಯಿಗೆ ಶ್ಯಾವಿಗೆ ಮಷೀನು

ಕುಸನೂರಿನಲ್ಲಿ ಮಗಳು ಅಂಬಿಕಾಳ ಮನೆಯಲ್ಲಿ ಎಂಟು ದಿನ ಇದ್ದು ಕಮಲಾಪುರಕ್ಕೆ ತಿರುಗಿ ಬಂದ ಶಿವಕಾಂತಮ್ಮ ಮೊದಲು ಒಂದು ಚೆಂಬು ನೀರು ಕುಡಿದಳು. ಆಮೇಲೆ ಅಡುಗೆಮನೆಯ ಹಲಗೆಯ ಮೇಲೆ ಕೈಯಾಡಿಸಿದಳು. ಶ್ಯಾವಿಗೆ ಮಷೀನಿನ ಹಿಡಿಕೆ ಕೈಗೆ ಸಿಕ್ಕಿತು. ಕೊಳವೆ ಸಿಗಲಿಲ್ಲ.

ಆ ಮಷೀನು ಅವಳ ತವರಿನದು. ನಲವತ್ತೆಂಟು ವರ್ಷದ ಹಿಂದೆ ಅವಳವ್ವ ಊರಿನ ಕಂಚುಗಾರನ ಮುಂದೆ ಕೂತು, ಬಿಲ್ಲೆಗೆ ತೂತು ಹಾಕುವಾಗ ಒಂದೊಂದನ್ನೂ ಸೂಜಿ ತೂರಿಸಿ ನೋಡಿ ಮಾಡಿಸಿ ಕೊಟ್ಟದ್ದು. ಗೇಣುದ್ದದ ಹಿತ್ತಾಳೆ ಕೊಳವೆ, ಅದರ ತಳಕ್ಕೆ ಸಣ್ಣ ತೂತುಗಳ ಬಿಲ್ಲೆ, ಮೇಲೆ ತಿರುಪಿನಿಂದ ಕೂರುವ ಮುಚ್ಚಳ, ಮುಚ್ಚಳದ ನಡುವೆ ಹಿಟ್ಟು ಒತ್ತುವ ಹಿಡಿಕೆ. ಬಿಸಿಲು ಬಲಿಯಿತೆಂದರೆ ಓಣಿಯ ಐದು ಮನೆಯ ಶ್ಯಾವಿಗೆ ಅದರಲ್ಲೇ ಆಗಬೇಕು. ಮೊದಲ ದಿನ ಶಿವಕಾಂತಮ್ಮನ ಮನೆಯದು. ಕಲಬುರಗಿಯ ನೆಹರು ಗಂಜ್ ಪೇಟೆಯಿಂದ ತಂದ ಗೋಧಿ ಬೀಸಿ, ಬಟ್ಟೆಯಲ್ಲಿ ವಸ್ತ್ರಗಾಳಿ ಮಾಡಿ ಇಟ್ಟೇ ಅವಳು ಮಗಳ ಮನೆಗೆ ಹೋಗಿದ್ದಳು.

ಗಂಡ ಅಣವೀರಪ್ಪನನ್ನು ಕೇಳಿದಳು. ಅಣವೀರಪ್ಪ ತಪ್ಪು ಮಾಡಿದಾಗ ಮೇಲೆ ನೋಡುವ ಮನುಷ್ಯ. ಈಗಲೂ ಜಂತಿ ನೋಡುತ್ತ, ಅದು ಠಾಣೆಗೆ ಹೋಗಿದೆ ಅಂದ.

ಮನೆಯೊಳಗಿನ ಶ್ಯಾವಿಗೆ ಮಷೀನು ತಾನಾಗಿ ಎದ್ದು ಪೊಲೀಸ್ ಠಾಣೆಗೆ ಹೋಗುವುದಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಅಲ್ಲೇ ಕೂತಳು. ಆತ ಒಂದೊಂದೇ ಎಳೆ ಬಿಡಿಸಿ ಹೇಳಿದ.

ಅಣವೀರಪ್ಪನ ಮನೆಯಲ್ಲಿ ಅಪ್ಪನ ಕಾಲದ ಒಂಟಿ ನಳಿಕೆ ಬಂದೂಕು ಉಂಟು. ಬೆಳೆ ಕಾಯಲೆಂದು ಕೊಟ್ಟ ಲೈಸೆನ್ಸು. ಇವರ ಕೆಂಪು ಬಾಳೆಯ ತೋಟಕ್ಕೆ ಗುಡ್ಡದ ಕಡೆಯಿಂದ ಹಂದಿಗಳು ಇಳಿಯುತ್ತವೆ. ಮೂವತ್ತು ವರ್ಷದಲ್ಲಿ ಆತ ಒಂದು ಹಂದಿಯನ್ನೂ ಹೊಡೆದವನಲ್ಲ, ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾನೆ ಅಷ್ಟೇ. ಹಾರಿಸುವ ಮೊದಲು ಕೆಮ್ಮುವುದು ಅವನ ರೂಢಿ. ಹಂದಿಗಳಿಗೂ ಅದು ತಿಳಿದುಹೋಗಿ, ಈಚೆಗೆ ಕೆಮ್ಮಿಗೇ ಓಡುತ್ತಿದ್ದವು. ಆದರೂ ಬಂದೂಕೆಂದರೆ ಅವನಿಗೆ ಕಟ್ಟಿ ಸಾಕಿದ ಎತ್ತಿನ ಹಾಗೆ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಒರೆಸಬೇಕು.

ಚುನಾವಣೆ ಬಂದಾಗೆಲ್ಲ ಲೈಸೆನ್ಸಿನ ಬಂದೂಕುಗಳನ್ನು ಠಾಣೆಯಲ್ಲಿ ಇಡಬೇಕೆಂದು ನೋಟೀಸು ಬರುತ್ತದೆ. ಅಣವೀರಪ್ಪನಿಗೆ ಅದು ಮಗಳನ್ನು ಕಳಿಸಿದ ಹಾಗೆಯೇ ಸಂಕಟ. ಎರಡು ಸಾವಿರದ ಹತ್ತೊಂಬತ್ತರಲ್ಲಿ ಇಟ್ಟಾಗ ಕುಂಬಾರ ಹುಳ ನಳಿಕೆಯೊಳಗೆ ಮಣ್ಣಿನ ಗೂಡು ಕಟ್ಟಿತ್ತು. ಮೂರು ದಿನ ತಂತಿ ಹಾಕಿ ಕೆರೆದ. ಇಪ್ಪತ್ಮೂರರ ವಿಧಾನಸಭೆಗೆ ಇಡುವಾಗ ಬುದ್ಧಿ ಕಲಿತವನಂತೆ ನಳಿಕೆಯ ಬಾಯಿಗೆ ಅರಿವೆ ತುರುಕಿ ಕೊಟ್ಟ. ಹುಳ ಬರಲಿಲ್ಲ, ಅರಿವೆ ಥಂಡಿ ಹೀರಿ ತುಕ್ಕು ಬಂತು. ಹೀಗಾಗಿ ಇಪ್ಪತ್ನಾಲ್ಕರ ಲೋಕಸಭೆಗೆ ನೋಟೀಸು ಬಂದಾಗ ಆತ ಒಂದು ವಾರ ಯೋಚಿಸಿದ. ಗಾಳಿ ಆಡಬೇಕು, ಹುಳ ಹೋಗಬಾರದು. ಹೆಂಡತಿ ಊರಲ್ಲಿಲ್ಲ. ಚಹಾಪುಡಿ ಹುಡುಕುವಾಗ ಕಣ್ಣಿಗೆ ಬಿದ್ದದ್ದು ಶ್ಯಾವಿಗೆ ಮಷೀನು.

ಹಿಡಿಕೆಯ ಮುಚ್ಚಳ ಬಿಚ್ಚಿ ಹಲಗೆಯ ಮೇಲಿಟ್ಟ. ಬಂದೂಕಿನ ಬಾಯಿಗೆ ಅವಳ ಹಳೇ ಇಳಕಲ್ ಸೀರೆಯ ತುಂಡು ಸುತ್ತಿ, ಮೇಲೆ ಕೊಳವೆ ತೊಡಿಸಿ, ಸುತಳಿಯಿಂದ ಬಿಗಿದ. ಮುಂದೆ ಬಿಲ್ಲೆ, ಬಿಲ್ಲೆಯಲ್ಲಿ ಸೂಜಿ ಹೋಗುವಷ್ಟೇ ತೂತು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ದಾರಿಯಲ್ಲಿ ಇಬ್ಬರಿಗೆ ತೋರಿಸಿಕೊಂಡೂ ಹೋದ.

ಠಾಣೆಯಲ್ಲಿ ರಸೀದಿ ಬರೆಯುತ್ತಿದ್ದವನು ಕಾನ್‌ಸ್ಟೇಬಲ್ ತುಕಾರಾಮ, ಪಕ್ಕದ ಹಳ್ಳಿಯವನು. ನೋಡಿದೊಡನೆ ಗುರುತು ಹಿಡಿದು, ಕಾಕಾ, ಬಂದೂಕಿನ ಜೋಡಿ ಶ್ಯಾವಿಗಿ ಮಷಿನ್ನೂ ಡಿಪಾಜಿಟ್ ಮಾಡ್ತೀರೇನು ಎಂದು ನಕ್ಕ. ಹುಳದ ಕಥೆ ಕೇಳಿ ಹೌದೆಂದು ತಲೆಯಾಡಿಸಿದ. ರಸೀದಿಯಲ್ಲಿ ಮಾತ್ರ ‘ಬಂದೂಕು ಒಂದು’ ಎಂದಷ್ಟೇ ಬರೆದ. ಬಾಯಿಗೆ ಹಾಕಿದ ಕೊಳವೆಯನ್ನೂ ಬರೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಇಷ್ಟು ಹೇಳಿ ಅಣವೀರಪ್ಪ ಕಣ್ಣನ್ನು ಜಂತಿಯಿಂದ ಇಳಿಸುವ ಹೊತ್ತಿಗೆ ಬಾಗಿಲಲ್ಲಿ ಮೋಟರ್ ಸೈಕಲ್ ನಿಂತಿತು. ಬಂದವನು ತುಕಾರಾಮನೇ. ಮೋರೆ ಸಪ್ಪಗಿತ್ತು.

ಆ ಬೆಳಿಗ್ಗೆ ಚುನಾವಣೆ ತಪಾಸಣೆಗೆಂದು ಬೇರೆ ರಾಜ್ಯದ ಅಧಿಕಾರಿಯೊಬ್ಬ ಬಂದಿದ್ದನಂತೆ. ಸಾಲಾಗಿ ನಿಂತ ಬಂದೂಕುಗಳಲ್ಲಿ ಒಂದರ ಬಾಯಿಗೆ ಮಾತ್ರ ಹಿತ್ತಾಳೆ ಕೊಳವೆ. ಸೈಲೆನ್ಸರ್ ಅಂದನಂತೆ. ತುಕಾರಾಮ ತನ್ನ ಹಿಂದಿಯಲ್ಲಿ ತಿಳಿಸಿ ಹೇಳಿದ. ಅಧಿಕಾರಿ ದಡ್ಡನೇನಲ್ಲ, ಅವನ ಮನೆಯಲ್ಲೂ ಶ್ಯಾವಿಗೆ ಮಾಡುತ್ತಾರೆ. ಹಾಗಾದರೆ ಇದರ ಹಿಡಿಕೆ ಎಲ್ಲಿ ಎಂದು ಕೇಳಿದ. ಹಿಡಿಕೆಯಿಲ್ಲ, ಬಂದೂಕಿನ ಬಾಯಿಗೆ ಕಟ್ಟಿದೆ, ಮುಂದೆ ತೂತುಗಳಿವೆ, ರಸೀದಿಯಲ್ಲಿ ಹೆಸರಿಲ್ಲ, ನಾನಿದನ್ನು ಏನೆಂದು ಕರೆಯಲಿ ಅಂದ. ಅಷ್ಟರಲ್ಲಿ ವೈರ್‌ಲೆಸ್ಸಿನಲ್ಲಿ ಕಲಬುರಗಿಗೆ ಸುದ್ದಿ ಹೋಗಿಯೂ ಆಗಿತ್ತು. ವೈರ್‌ಲೆಸ್ಸಿನಲ್ಲಿ ಹೋದ ಮಾತು ಕಾದ ಎಣ್ಣೆಗೆ ಬಿಟ್ಟ ಹಿಟ್ಟಿನ ಹಾಗೆ, ತಿರುಗಿ ಪಾತ್ರೆಗೆ ಬರುವುದಿಲ್ಲ.

ಶಿವಕಾಂತಮ್ಮ ಹಿಡಿಕೆ ಹಿಡಿದುಕೊಂಡೇ ಠಾಣೆಗೆ ಹೊರಟಳು. ತುಕಾರಾಮ ಕೈಮುಗಿದು ತಡೆದ. ಪಂಚನಾಮೆ ಆಗಿ ಅರಗಿನ ಮೊಹರು ಬಿದ್ದಿದೆ, ಇನ್ನು ಅದಕ್ಕೆ ಹಿಡಿಕೆಯನ್ನು ಕೋರ್ಟಿನಲ್ಲೇ ಕೂರಿಸಬೇಕು ಎಂದ.

ಮರುದಿನ ಪೇಪರಿನಲ್ಲಿ ಸೈಲೆನ್ಸರ್ ಹಾಕಿದ ಬಂದೂಕು ಸಿಕ್ಕಿದೆಯೆಂದು ನಾಲ್ಕು ಸಾಲು ಬಂತು. ಅಣವೀರಪ್ಪನಿಗೆ ಊರಲ್ಲಿ ಒಮ್ಮೆಲೇ ಬೆಲೆ ಬಂತು. ಚಹಾದ ಅಂಗಡಿಯಲ್ಲಿ ಅವನು ಕೂತರೆ ಜನ ಎದ್ದು ಜಾಗ ಕೊಟ್ಟರು. ಇಪ್ಪತ್ತು ವರ್ಷದಿಂದ ಬದುವಿನ ಗೇಣು ಜಾಗಕ್ಕೆ ಜಗಳ ಆಡುತ್ತಿದ್ದ ಪಕ್ಕದ ಹೊಲದವನು ಬಂದು, ಬದು ನೀವು ಹೇಳಿದಲ್ಲೇ ಇರಲಿ ಅಂದು ಹೋದ. ಓಣಿಯ ಹೆಂಗಸರು ಮಾತ್ರ ಹಿಟ್ಟಿನ ಪಾತ್ರೆ ಮುಚ್ಚಿಟ್ಟುಕೊಂಡು ಶಿವಕಾಂತಮ್ಮನ ಮೋರೆ ನೋಡಿದರು. ಆ ವರ್ಷ ಐದೂ ಮನೆಯವರು ಗಿರಣಿಯಲ್ಲಿ ಶ್ಯಾವಿಗೆ ಹಾಕಿಸಿದರು. ಪಕ್ಕದ ಮನೆಯ ಸಾಬಮ್ಮ ಅದನ್ನು ತಂದು ತೋರಿಸಿ, ಎತ್ತಿನ ಮೂಗುದಾರ ಬಂದಾವ ನೋಡಕ್ಕ ಅಂದಳು.

ಅಣವೀರಪ್ಪನ ಮೇಲೆ ಕೇಸು ಆಗಿ, ಜಾಮೀನು ಸಿಕ್ಕಿತು. ವಕೀಲ ಮೌನೇಶನ ಕಚೇರಿ ಕಲಬುರಗಿಯಲ್ಲಿ, ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರ. ಗಂಡ ಹೆಂಡತಿ ಬಸ್ಸಿನಲ್ಲಿ ಹೋಗಿ ಅವನ ಮುಂದೆ ಕೂತಾಗ ಮೌನೇಶ ಕಾಯ್ದೆ ಬಿಡಿಸಿ ಹೇಳಿದ. ಬಂದೂಕಿನ ಸದ್ದು ತಗ್ಗಿಸಲೆಂದೇ ಮಾಡಿದ, ಇಲ್ಲವೇ ಹಾಗೆಂದು ಮಾರ್ಪಡಿಸಿದ ಸಾಮಾನನ್ನು ಕಾಯ್ದೆ ಬಂದೂಕು ಎಂದೇ ಎಣಿಸುತ್ತದೆ. ಲೈಸೆನ್ಸಿಲ್ಲದೆ ಅದನ್ನು ಇಟ್ಟುಕೊಂಡರೆ ಜೈಲು.

ಶಿವಕಾಂತಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ಅಂದ್ರ ನಲವತ್ತೆಂಟು ವರ್ಷದಿಂದ ನಾ ಲೈಸೆನ್ಸಿಲ್ಲದ ಬಂದೂಕಿನಾಗ ಶ್ಯಾವಿಗಿ ಮಾಡಾಕತ್ತೀನಿ.”

“ಹಾಂಗ ಯಾರ ಮುಂದೂ ಅನಬ್ಯಾಡ್ರಿ ಅವ್ವಾರ,” ಅಂದ ಮೌನೇಶ.

ಕೇಸು ತಾರೀಖಿನಿಂದ ತಾರೀಖಿಗೆ ನಡೆಯಿತು. ಒಂದು ಸಲ ಸರ್ಕಾರಿ ವಕೀಲರು ಬರಲಿಲ್ಲ, ಒಂದು ಸಲ ಸಾಕ್ಷಿ ಬರಲಿಲ್ಲ, ಒಂದು ಸಲ ಎಲ್ಲರೂ ಬಂದರು, ಕರೆಂಟು ಬರಲಿಲ್ಲ. ಪರೀಕ್ಷೆಗೆ ಕಳಿಸಿದ್ದ ಕೊಳವೆಯ ಬಗ್ಗೆ ಹನ್ನೊಂದು ತಿಂಗಳಿಗೆ ವರದಿ ಬಂತು: ಹಿತ್ತಾಳೆಯ ಕೊಳವೆ, ಒಂದು ತುದಿಗೆ ರಂಧ್ರಗಳುಳ್ಳ ಬಿಲ್ಲೆ, ಸದ್ದು ತಗ್ಗಿಸಲು ಬರಬಹುದು, ಬಾರದೆಯೂ ಇರಬಹುದು. ಮೌನೇಶ ಇದು ನಮ್ಮ ಕಡೆಗಿದೆ ಎಂದು ಹಿಗ್ಗಿದ. ಸರ್ಕಾರಿ ವಕೀಲರೂ ಅದನ್ನೇ ಓದಿ ಹಿಗ್ಗಿದರಂತೆ.

ಹೀಗೆ ಎರಡು ಬೇಸಿಗೆ ಹೋದವು. ಠಾಣೆಯವರಿಗೆ ಗೊತ್ತು, ವಕೀಲರಿಗೆ ಗೊತ್ತು, ಕೋರ್ಟಿನ ಹೊರಗೆ ಕಡಲೆ ಮಾರುವ ನಜ್ಮಾಗೂ ಗೊತ್ತು ಅದು ಶ್ಯಾವಿಗೆ ಮಷೀನೆಂದು. ಗೊತ್ತಿಲ್ಲದ್ದು ಕಾಗದಕ್ಕೆ ಮಾತ್ರ. ಕಾಗದದಲ್ಲಿ, ಜಪ್ತಿ ಮಾಡಿದ ಸಾಮಾನಿನ ಪಟ್ಟಿಯಲ್ಲಿ, ಅದು ‘ಮುದ್ದೆಮಾಲು ನಂಬರ್ ಎರಡು, ಹಿತ್ತಾಳೆಯ ಸೈಲೆನ್ಸರ್ ಒಂದು’ ಆಗಿ ಕೂತುಬಿಟ್ಟಿತ್ತು.

ಮೂರನೇ ಬೇಸಿಗೆ ಹತ್ತಿರ ಬಂದಾಗ ಮೌನೇಶ ಇಬ್ಬರನ್ನೂ ಕರೆಸಿ ಒಂದು ಅಡ್ಡದಾರಿ ತೋರಿಸಿದ. ರಸೀದಿಯಲ್ಲಿ ಬಂದೂಕು ಒಂದು ಎಂದಷ್ಟೇ ಇದೆ. ಕೊಳವೆ ನಮ್ಮದಲ್ಲ, ನಾವು ಕೊಟ್ಟ ಮೇಲೆ ಠಾಣೆಯಲ್ಲಿ ಯಾರೋ ಸಿಕ್ಕಿಸಿದ್ದಾರೆ ಎಂದು ಹೇಳಿಬಿಟ್ಟರೆ ಕೇಸು ಅಲ್ಲೇ ಬೀಳುತ್ತದೆ. ಕಾಕಾ ಬಿಡುಗಡೆ, ಬಂದೂಕು ಮನೆಗೆ.

ಮತ್ತ ಕೊಳವೆ ಎಂದು ಶಿವಕಾಂತಮ್ಮ ಕೇಳಿದಳು.

ಯಾರದೂ ಅಲ್ಲದ ಸೈಲೆನ್ಸರನ್ನು ಸರ್ಕಾರ ಸುತ್ತಿಗೆಯಿಂದ ಜಜ್ಜಿ ನಾಶ ಮಾಡುತ್ತದೆ ಅಂದ ಮೌನೇಶ, ಮೇಜಿನ ಮೇಲಿನ ಫೈಲಿಗೆ ಹೇಳುವಂತೆ.

ಅಣವೀರಪ್ಪ ಆಗಲೇ ಫ್ಯಾನು ನೋಡುತ್ತಿದ್ದ. ಅವನಿಗೆ ಆಸೆ ಹುಟ್ಟಿದ್ದು ಅವಳಿಗೆ ಅದರಿಂದಲೇ ತಿಳಿಯಿತು. ಆಸೆ ಪಡುವುದರಲ್ಲಿ ತಪ್ಪೇನೂ ಇರಲಿಲ್ಲ. ಅರವತ್ತೇಳು ವರ್ಷದವನು, ಜೈಲೆಂಬ ಮಾತು ಕೇಳಿದಾಗೆಲ್ಲ ಅವನ ಊಟ ಅರ್ಧಕ್ಕೆ ನಿಲ್ಲುತ್ತಿತ್ತು. ಕಮಲಾಪುರದ ಮೇಲೆ ಹೋಗುವ ಹುಮನಾಬಾದಿನ ಬಸ್ಸು ಬಂದು ಸೀಟು ಸಿಕ್ಕ ಮೇಲೆ ಆತ ಮೆಲ್ಲಗೆ ಬಾಯಿ ಬಿಟ್ಟ.

“ಅಂಬಿಕಾನವ್ವ, ಅಂಥಾದ ಹೊಸಾದು ಕೊಡಿಸ್ತೀನಿ. ಸ್ಟೀಲಿಂದು.”

“ನಮ್ಮವ್ವನ್ನ ನಮ್ಮವ್ವ ಅಲ್ಲ ಅಂತ ಕೋರ್ಟಿನಾಗ ಹೇಳು ಅಂದ್ರ ಹೇಳ್ತೀರೇನು?” ಅಂದಳು ಅವಳು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಮಾತು ಸೇರಿಸಿದಳು. “ಮತ್ತ ಠಾಣೆದಾಗ ಸಿಕ್ಕಿಸ್ಯಾರ ಅಂದ್ರ ಸಿಕ್ಕಿಸಿದಾಂವ ಯಾರ್ರೀ? ತುಕಾರಾಮನ ತಲಿಗೆ ಬರ್ತದ. ಅವಗ ಎರಡು ಮಕ್ಕಳಾವ.”

ಅಣವೀರಪ್ಪ ಕಿಟಕಿಯ ಹೊರಗೆ ನೋಡಿದ. ಕಮಲಾಪುರ ಬರುವಷ್ಟರಲ್ಲಿ, ಸ್ಟೀಲಿನದು ಕೈಗೆ ಒತ್ತುತ್ತದಂತೆ ಬಿಡು ಎಂದು ತನ್ನಷ್ಟಕ್ಕೆ ಅಂದ. ಅಲ್ಲಿಗೆ ಆ ಮಾತು ಮುಗಿಯಿತು.

ಸಾಕ್ಷಿಯ ದಿನ ಶಿವಕಾಂತಮ್ಮ ಎರಡು ವಸ್ತು ಚೀಲಕ್ಕೆ ಹಾಕಿಕೊಂಡಳು. ಒಂದು ಮಷೀನಿನ ಹಿಡಿಕೆ. ಇನ್ನೊಂದು ಸ್ಟೀಲಿನ ಡಬ್ಬಿಯಲ್ಲಿ ನಾದಿ ಹಸಿ ಬಟ್ಟೆ ಮುಚ್ಚಿದ ಹಿಟ್ಟು. ಹಿಟ್ಟು ಯಾಕೆಂದು ಅಣವೀರಪ್ಪ ಕೇಳಲಿಲ್ಲ. ಆ ಎರಡು ವರ್ಷದಲ್ಲಿ ಕೇಳದಿರುವುದನ್ನು ಆತ ಚೆನ್ನಾಗಿ ಕಲಿತಿದ್ದ.

ಕೋರ್ಟಿನ ಬಾಗಿಲಲ್ಲಿ ಚೀಲ ನೋಡುವ ಪೊಲೀಸ್ ಹೆಣ್ಣುಮಗಳು ಹಿಡಿಕೆ ಹೊರಗೆ ತೆಗೆದು ಇದೇನೆಂದು ಕೇಳಿದಳು. ಎರಡು ವರ್ಷ ಎಲ್ಲರ ಬಾಯಲ್ಲೂ ಅದೇ ಹೆಸರು ಕೇಳಿದ್ದ ಶಿವಕಾಂತಮ್ಮ, ಸೈಲೆನ್ಸರಿನ ಹಿಡಿಕಿ ಎಂದುಬಿಟ್ಟಳು. ಕಾಲು ತಾಸು ಬಾಗಿಲಲ್ಲೇ ನಿಲ್ಲಿಸಿದರು. ಮೌನೇಶ ಓಡಿ ಬಂದು ಬಿಡಿಸಿಕೊಂಡು, ಇವತ್ತೊಂದು ದಿನ ಆದರೂ ಶ್ಯಾವಿಗಿ ಅನ್ನಿರಿ ಎಂದು ಬೇಡಿಕೊಂಡ.

ನ್ಯಾಯಾಧೀಶರು ಕನ್ನಡಕ ಹಾಕಿದ ನಡುವಯಸ್ಸಿನ ಹೆಣ್ಣುಮಗಳು, ಹೊಸದಾಗಿ ಆ ಕೋರ್ಟಿಗೆ ಬಂದವರು. ಬೇರೆ ರಾಜ್ಯದ ಅಧಿಕಾರಿ ತನ್ನೂರಿನಿಂದಲೇ ಪರದೆಯ ಮೇಲೆ ಕಾಣಿಸಿಕೊಂಡು ಸಾಕ್ಷಿ ಹೇಳಿದ. ಆತ ಒಂದು ಮಾತೂ ಹೆಚ್ಚು ಕಡಿಮೆ ಹೇಳಲಿಲ್ಲ. ಹಿಡಿಕೆ ಇದ್ದಿದ್ದರೆ ಅಂದೇ ಬಿಟ್ಟುಬಿಡುತ್ತಿದ್ದೆ ಅಂದ. ಹಿಡಿಕೆ ಎಲ್ಲಿದೆ ಎಂದು ನ್ಯಾಯಾಧೀಶರು ಕೇಳಿದರು. ಕಟಕಟೆಯಲ್ಲಿ ನಿಂತಿದ್ದ ಶಿವಕಾಂತಮ್ಮ ಸೆರಗಿನ ಮರೆಯಿಂದ ಅದನ್ನು ತೆಗೆದು ಮುಂದೆ ಹಿಡಿದಳು.

ಚೀಲದ ಮೊಹರು ಒಡೆದು ಕೊಳವೆಯನ್ನು ಅವಳ ಕೈಗೆ ಕೊಟ್ಟರು. ಎರಡು ವರ್ಷದ ಮೇಲೆ ತವರಿನ ಹಿತ್ತಾಳೆ ಕೈಗೆ ತಾಕಿತು. ಹಸಿರುಗಟ್ಟಿತ್ತು, ಬಾಯಿಗೆಲ್ಲ ಕೆಂಪು ಅರಗು ಮೆತ್ತಿತ್ತು. ಮುಚ್ಚಳ ಇಟ್ಟು ತಿರುಗಿಸಿದಳು. ಕೂರಲಿಲ್ಲ. ಮತ್ತೊಮ್ಮೆ ತಿರುಗಿಸಿದಳು. ಕೂರಲಿಲ್ಲ. ಸರ್ಕಾರಿ ವಕೀಲರು ಕೆಮ್ಮಿದರು. ಅಣವೀರಪ್ಪ ಕೋರ್ಟಿನ ಫ್ಯಾನನ್ನು ನೋಡತೊಡಗಿದ.

ಶಿವಕಾಂತಮ್ಮ ಆತುರ ಪಡಲಿಲ್ಲ. ತಲೆಯಿಂದ ಒಂದು ಪಿನ್ನು ತೆಗೆದು ತಿರುಪಿನ ಗೆರೆಗಳಲ್ಲಿ ಕೂತ ಅರಗನ್ನು ಕೆರೆಯತೊಡಗಿದಳು. ಸರ್ಕಾರಿ ವಕೀಲರು ಎದ್ದು, ಇದು ಸಾಕ್ಷ್ಯವನ್ನು ಕೆಡಿಸಿದಂತೆ ಎಂದು ತಕರಾರು ತೆಗೆದರು. ಅರಗು ನಿಮ್ಮದು, ಕೆರೆಯಲಿ ಬಿಡಿ ಅಂದರು ನ್ಯಾಯಾಧೀಶರು. ಮೂರನೇ ಸಲಕ್ಕೆ ಮುಚ್ಚಳ ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು, ಕಿರ್ ಎಂದು ಕೂತಿತು. ಎಲ್ಲರಿಗೂ ಕೇಳಿಸಿತು. ಪರದೆಯ ಮೇಲಿನ ಅಧಿಕಾರಿ ಮುಂದಕ್ಕೆ ಬಾಗಿದ್ದರಿಂದ ಅವನ ಹಣೆ ಮಾತ್ರ ಕಂಡಿತು.

ನ್ಯಾಯಾಧೀಶರು ಬರೆಯಲು ಹೊರಟು ಪೆನ್ನು ನಿಲ್ಲಿಸಿದರು. “ಇದೇನಂತ ನನಗ ಕಾಣಸ್ತದವ್ವಾ. ಫೈಲಿಗೆ ಕಾಣಸ್ಬೇಕಲ್ಲ.”

“ಅದಕ್ಕಂತ ಹಿಟ್ಟು ತಂದೀನ್ರಿ ಸಾಹೇಬ್ರ,” ಅಂದಳು ಶಿವಕಾಂತಮ್ಮ.

ಪ್ಯೂನ್ ಗುಲಾಮ್ ರಸೂಲ್ ಮೇಜಿನ ಮೇಲೆ ಪೇಪರು ಹಾಸಿದ. ಅವಳು ಹಿಟ್ಟು ತುಂಬಿ ಹಿಡಿಕೆ ತಿರುವಿದಳು. ಮೊದಲು ಏನೂ ಬರಲಿಲ್ಲ. ಆಮೇಲೆ ಹಸಿರು ಬಣ್ಣದ ನಾಲ್ಕು ಎಳೆ ಬಂದವು. ಅದರ ಹಿಂದೆ ಬೆಳ್ಳಗೆ, ಕೂದಲೆಳೆಯ ಹಾಗೆ, ತುಂಡಾಗದೆ ಇಳಿದು ಪೇಪರಿನ ಮೇಲೆ ಸುರುಳಿ ಸುತ್ತಿಕೊಂಡಿತು. ಸದ್ದಿಲ್ಲದೆ ಇಳಿಯಿತು. ಸರ್ಕಾರಿ ವಕೀಲರು ಅದನ್ನೂ ಬರೆದುಕೊಂಡರು.

ಬರೆದುಕೊಂಡು ಎದ್ದು ವಾದಿಸಿದರು. ಶ್ಯಾವಿಗೆಗೆ ಮಾಡಿದ ಮಷೀನೇ ಇರಬಹುದು, ಆದರೆ ಬಂದೂಕಿಗೆ ಕಟ್ಟಿದಾಗ ಅದನ್ನು ಮಾರ್ಪಡಿಸಿದಂತಾಯಿತಲ್ಲ ಎಂದರು. ನ್ಯಾಯಾಧೀಶರು ಕೊಳವೆಯನ್ನು ತಿರುಗಿಸಿ ನೋಡಿದರು. ಕೊರೆದದ್ದಿಲ್ಲ, ಬೆಸುಗೆ ಹಾಕಿದ್ದಿಲ್ಲ. ಒಂದು ತುಂಡು ಇಳಕಲ್ ಸೀರೆ, ಎರಡು ಮೊಳ ಸುತಳಿ. ಹಾಗಾದರೆ ಯಾಕೆ ಕಟ್ಟಿದ್ದು ಎಂದು ಕೇಳಿ, ಬಂದೂಕು ತರಿಸಿ ನಳಿಕೆಯ ಬಾಯಿ ನೋಡಲು ತುಕಾರಾಮನಿಗೆ ಹೇಳಿದರು.

ತುಕಾರಾಮ ಒಂದು ಕಣ್ಣು ಮುಚ್ಚಿ ನೋಡಿದ. ಬೆರಳು ಹಾಕಿ ನೋಡಿದ. ಬೆರಳು ಒಳಗೆ ಹೋಗಲಿಲ್ಲ. ಕೊಳವೆಯನ್ನು ಸಾಕ್ಷಿಯೆಂದು ಬೇರೆ ಚೀಲಕ್ಕೆ ಹಾಕಿ, ಬಂದೂಕನ್ನು ಬಾಯಿ ತೆರೆದು ಇಟ್ಟಿದ್ದ ಈ ಎರಡು ವರ್ಷದಲ್ಲಿ ಕುಂಬಾರ ಹುಳ ಒಳಗೆ ಎರಡಂತಸ್ತಿನ ಮನೆ ಕಟ್ಟಿ, ಬಾಗಿಲಿಗೆ ಗಿಲಾವು ಮಾಡಿ ಹೋಗಿತ್ತು.

ಕೇಸಿನುದ್ದಕ್ಕೂ ಬಾಯಿ ಬಿಡದ ಅಣವೀರಪ್ಪ ಆಗ ಎದ್ದು ನಿಂತು ಕೈಮುಗಿದ. “ನಾ ಮೊದಲೇ ಹೇಳಿದ್ದೆನಲ್ರೀ,” ಅಂದು ಕೂತ.

ವಾರದ ಮೇಲೆ ತೀರ್ಪು ಬಂತು. ಸದ್ದು ತಗ್ಗಿಸಲು ಮಾಡಿದ್ದೂ ಅಲ್ಲ, ಮಾರ್ಪಡಿಸಿದ್ದೂ ಅಲ್ಲ, ಆರೋಪಿ ಬಿಡುಗಡೆ, ಮುದ್ದೆಮಾಲು ವಾಪಸು. ಅಣವೀರಪ್ಪ ಹೊರಗೆ ಬಂದು ನಜ್ಮಾಳ ಹತ್ತಿರ ಕಡಲೆ ಕೊಂಡು ತಿಂದ. ಎರಡು ವರ್ಷದಲ್ಲಿ ಮೊದಲ ಸಲ ಪೊಟ್ಟಣ ಖಾಲಿ ಮಾಡಿದ. ಬಂದೂಕಿಗೆ ಸಹಿ ಹಾಕಿ, ಹೆಗಲಿಗೇರಿಸಿ, ಹೋಗೋಣ ಬಾ ಎಂದು ಹೆಂಡತಿಯನ್ನು ಕರೆದ.

ಹೆಂಡತಿ ಗುಮಾಸ್ತನ ಮುಂದೆ ಕೂತಿದ್ದಳು. ಮೂರನೇ ಇಯತ್ತೆವರೆಗೆ ಓದಿದವಳು, ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಿದ್ದಳು. ಓದಿ ಮುಗಿಸಿ ಪೆನ್ನು ಕೆಳಗಿಟ್ಟಳು.

“ಇದರಾಗ ಹಿತ್ತಾಳಿ ಸೈಲೆನ್ಸರ್ ಒಂದು ಮುಟ್ಟಿತು ಅಂತ ಬರದೀರಿ. ನಾ ಸಹಿ ಮಾಡಿದ್ರ ನನ್ನ ಮನ್ಯಾಗ ಸೈಲೆನ್ಸರ್ ಅದ ಅಂತ ನಾನ ಒಪ್ಪಿದಾಂಗ ಆತು. ನಾಳೆ ಮತ್ತ ಯಾರರ ಬಂದು ಲೈಸೆನ್ಸ್ ಎಲ್ಲಿ ಅಂದ್ರ?”

ಗುಮಾಸ್ತ ಅದು ಬರೇ ಹೆಸರು ಎಂದು ನಕ್ಕ. ಅವಳು ನಗಲಿಲ್ಲ. ಬರೇ ಹೆಸರೇ ತನ್ನ ಗಂಡನನ್ನು ಎರಡು ವರ್ಷ ಅಲೆದಾಡಿಸಿತೆಂದು ನೆನಪಿಸಿದಳು. ಗುಮಾಸ್ತ ಯೋಚನೆಗೆ ಬಿದ್ದ. ಪಟ್ಟಿಯ ಹೆಸರು ತಿದ್ದಲು ಅವನಿಗೆ ಅಧಿಕಾರವಿಲ್ಲ, ನ್ಯಾಯಾಧೀಶರ ಆದೇಶ ಬೇಕು, ಅದಕ್ಕೆ ಅರ್ಜಿ ಬೇಕು, ಅರ್ಜಿಗೆ ತಾರೀಖು ಹದಿನಾಲ್ಕು ದಿನದ ಮೇಲೆ. ಮೌನೇಶ ತಲೆಯ ಮೇಲೆ ಕೈಯಿಟ್ಟುಕೊಂಡ. ಅಣವೀರಪ್ಪ ಬಂದೂಕು ಹೊತ್ತುಕೊಂಡೇ ಬೆಂಚಿನ ಮೇಲೆ ಕೂತ. ಶಿವಕಾಂತಮ್ಮ ಕೊಳವೆಯ ಕಡೆ ಒಮ್ಮೆ ನೋಡಿ, ಹಿಡಿಕೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಎರಡು ವರ್ಷ ಇದ್ದದ್ದು ಹದಿನಾಲ್ಕು ದಿನ ಇರಲಿ ಅಂದಳು.

ಹದಿನಾಲ್ಕನೇ ದಿನ ನ್ಯಾಯಾಧೀಶರು ಸೈಲೆನ್ಸರ್ ಎಂಬುದನ್ನು ಹೊಡೆದು ಹಾಕಿ, ‘ಶ್ಯಾವಿಗೆ ಮಷೀನು, ಹಿಡಿಕೆ ಹೊರತು’ ಎಂದು ತಮ್ಮ ಕೈಯಾರೆ ಬರೆದು ಕೆಳಗೆ ಸಹಿ ಮಾಡಿದರು. ಅದರ ಕೆಳಗೆ ಶಿವಕಾಂತಮ್ಮ ತನ್ನ ಪೂರ್ತಿ ಹೆಸರು ಬರೆದಳು.

ಆ ವಾರವೇ ಓಣಿಯಲ್ಲಿ ಶ್ಯಾವಿಗೆ ಎದ್ದಿತು. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಮಷೀನು ಬಂಗಾರದ ಹಾಗೆ ಹೊಳೆಯಿತು. ಸಾಬಮ್ಮ ಎಳೆ ಎತ್ತಿ ಬಿಸಿಲಿಗೆ ಹಿಡಿದು, ಇದಕ್ಕ ಅನ್ನಬೇಕಕ್ಕ ಶ್ಯಾವಿಗಿ ಅಂತ ಅಂದಳು. ಮೊದಲ ಡಬ್ಬಿ ತುಕಾರಾಮನ ಮನೆಗೆ ಹೋಯಿತು. ಆತ ಡಬ್ಬಿ ಇಳಿಸಿಕೊಳ್ಳುವ ಮೊದಲು ರಸೀದಿ ಬರೆದುಕೊಡುತ್ತೇನೆಂದು ನಿಂತನಂತೆ.

ಮನೆಯಲ್ಲಿ ಬೆಲ್ಲ ಹಾಲು ಹಾಕಿ ಪಾಯಸ ಮಾಡಿದರು. ಅಣವೀರಪ್ಪ ಗೋಡೆಗೆ ಒರಗಿ, ಪಕ್ಕದಲ್ಲಿ ಬಂದೂಕು ಇಟ್ಟುಕೊಂಡು, ಬಟ್ಟಲು ಎತ್ತಿ ಕುಡಿದ. ಮೂರನೇ ಗುಟುಕಿಗೆ ಹಲ್ಲಿಗೆ ಏನೋ ಕಟಕ್ಕೆಂದಿತು. ನಾಲಿಗೆಯಿಂದ ಮುಂದೆ ತಂದು ಬೆರಳಿಗೆ ತೆಗೆದು ನೋಡಿದ. ಸಾಸಿವೆಯಷ್ಟು ಕೆಂಪು ಅರಗು.

ಎದುರಿಗೆ ಶಿವಕಾಂತಮ್ಮ ಸೌಟು ಹಿಡಿದು ಕೂತಿದ್ದಳು. ಹ್ಯಾಂಗಾಗ್ಯಾವ ಎಂದು ಕೇಳಿದಳು.

ಅಣವೀರಪ್ಪ ಈ ಸಲ ಜಂತಿ ನೋಡಲಿಲ್ಲ. ಅವಳ ಮೋರೆಯನ್ನೇ ನೋಡುತ್ತ ಅರಗನ್ನು ಮತ್ತೆ ಬಾಯಿಗೆ ಹಾಕಿಕೊಂಡು, ಒಂದು ಗುಟುಕು ಪಾಯಸದ ಜೊತೆ ನುಂಗಿದ. ಆಮೇಲೆ ಬಟ್ಟಲು ಮುಂದೆ ಹಿಡಿದ.